ಪದ ಬೇಕು: ‘ಫ್ಲೋರೆಸೆಂಟ್ ಪ್ರೋಬ್’ (ನಾಳೆ ಸಂಜೆ ಅಚ್ಚಿಗೆ)

ಎಲ್ಲರಿಗೂ ನಮಸ್ಕಾರ. ಶನಿವಾರ ನಮ್ಮ ಲ್ಯಾಬಿಗೆ ಹೈಸ್ಕೂಲ್ ಮಕ್ಕಳು ಬರುತ್ತಾರೆ. ಪೋಸ್ಟರಿನ ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ವಿಷಯ ಇಷ್ಟು: ಜೀವಕೋಶದೊಳಗೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತಿರುತ್ತದೆ. ತೀರಾ ಕಡಿಮೆ, ಕಣ್ಣಿಗೆ ಕಾಣದು. ಅಮೆರಿಕದ ಬರ್ಕ್ಲಿಯಲ್ಲಿ ಕ್ರಿಸ್ಟೋಫರ್ ಚಾಂಗ್ ಅವರ ಗುಂಪು 2004ರಲ್ಲಿ ‘ಪೆರಾಕ್ಸಿಫ್ಲೋರ್-1’ ಅನ್ನುವ ಅಣು ಮಾಡಿತು. ಫ್ಲೋರೆಸೀನ್ ಬಣ್ಣಕ್ಕೆ ಬೋರಾನ್ ಇರುವ ಮುಚ್ಚಳ ಹಾಕಿದ ಹಾಗೆ. ಮುಚ್ಚಳ ಇರುವವರೆಗೂ ಕತ್ತಲೆ. ಪೆರಾಕ್ಸೈಡ್ ಬಂದು ಅದನ್ನು ಕಿತ್ತರೆ, ನೀಲಿ ಬೆಳಕು ಬಿಟ್ಟಾಗ ಹಸಿರಾಗಿ ಹೊಳೆಯುತ್ತದೆ. ಹೀಗೆ ಹೊಳೆದು ಸುಳಿವು ಕೊಡುವ ಅಣುವೇ ‘ಫ್ಲೋರೆಸೆಂಟ್ ಪ್ರೋಬ್’. ನನ್ನ ಕರಡು: ‘ಜೀವಂತ ಜೀವಕೋಶಗಳಲ್ಲಿ ಕ್ರಿಯಾಶೀಲ ಅಣುಗಳ ಪತ್ತೆಗೆ ಪ್ರತಿದೀಪಕ ಶೋಧಕಗಳು’. ಓದಿದರೆ ನನಗೇ ನಿದ್ದೆ ಬರುತ್ತೆ.

———

ಎರಡೆರಡು ‘ಜೀವ’ ಯಾಕೆ? ‘ಬದುಕಿರುವ ಕೋಶ’ ಸಾಕು. ‘ಕ್ರಿಯಾಶೀಲ’ ಅಂದರೆ ಸಂಘದ ಕಾರ್ಯದರ್ಶಿ ನೆನಪಾಗುತ್ತಾರೆ. ‘ಪ್ರತಿದೀಪಕ ಶೋಧಕ’ ಕನ್ನಡವೇ ಅಲ್ಲ. ‘ಮಿನುಗುಬೇಹು’ ಅನ್ನಿ. ಬೇಹು ನಮ್ಮದೇ ಪದ, ತಮಿಳಿನ ‘ವೇವು’ ಇದರ ಒಡಹುಟ್ಟು. ಮಿಂಚುಹುಳಕ್ಕೆ ಹೆಸರಿಟ್ಟ ನುಡಿಗೆ ಪದದ ಬಡತನವೇ?

———

ಮಿಂಚುಹುಳವನ್ನು ಇಲ್ಲಿ ತರಬೇಡಿ ಸರ್. ಅದು ತನ್ನ ಬೆಳಕನ್ನು ತಾನೇ ಮಾಡಿಕೊಳ್ಳುತ್ತದೆ. ಇಲ್ಲಿ ಹೊರಗಿನಿಂದ ಒಂದು ಬಣ್ಣದ ಬೆಳಕು ಬಿಟ್ಟರೆ ಇನ್ನೊಂದು ಬಣ್ಣದ ಬೆಳಕು ವಾಪಸ್ ಬರುತ್ತದೆ. ‘ಪ್ರತಿ’ ಇರುವುದೇ ಅದಕ್ಕೆ. ಬ್ಯಾಂಕಿನಲ್ಲಿ ನೋಟನ್ನು ನೇರಳೆ ದೀಪದಡಿ ಹಿಡಿಯುತ್ತಾರಲ್ಲ, ಅದೇ. ‘ಬೇಹು’ ಕೂಡ ಕೂರುವುದಿಲ್ಲ. ಬೇಹುಗಾರ ನೋಡಿಕೊಂಡು ಸುಮ್ನೆ ಬರುತ್ತಾನೆ. ಈ ಅಣು ಪೆರಾಕ್ಸೈಡನ್ನೇ ಖರ್ಚು ಮಾಡುತ್ತದೆ, ತಾನೂ ಹಳೆಯ ರೂಪಕ್ಕೆ ಮರಳುವುದಿಲ್ಲ.

———

ಇಷ್ಟೆಲ್ಲಾ ಜಗಳ ಯಾಕೆ? ‘ಫ್ಲೋರೆಸೆಂಟ್’ ಅಂತಲೇ ಬಿಡಿ. ಮಕ್ಕಳು ಹೇಗಿದ್ದರೂ ಪಿಯುಸಿಗೆ ಇಂಗ್ಲಿಷಿನಲ್ಲೇ ಓದುವುದು.

———

ಬಿಟ್ಟರೆ ಪಾವಗಡದ ಮಗು ಫ್ಲೋರೈಡ್ ನೀರು ಅಂದುಕೊಳ್ಳುತ್ತದೆ. ತಪ್ಪು ಮಗುವಿನದಲ್ಲ. 1852ರಲ್ಲಿ ಭೌತವಿಜ್ಞಾನಿ ಸ್ಟೋಕ್ಸ್ ಈ ಪದ ಕಟ್ಟಿದ್ದೇ ಫ್ಲೋರ್‌ಸ್ಪಾರ್ ಅನ್ನುವ ಕಲ್ಲಿನ ಹೆಸರಿನಿಂದ. ಪದದಲ್ಲಿ ಬೆಳಕಿನ ಸುಳಿವೇ ಇಲ್ಲ.

———

ಇಂಗ್ಲಿಷಿನವರು ಕಲ್ಲಿನಿಂದ ಪದ ಕಟ್ಟಬಹುದು, ನಾವು ಮಿನುಗಿನಿಂದ ಕಟ್ಟಬಾರದು! ಸಂಸ್ಕೃತಕ್ಕೆ ಜೋತುಬಿದ್ದವರ ನ್ಯಾಯವೇ ಇದು.

———

ನೀವು ಕೊಟ್ಟ ‘ಕೋಶ’ ಯಾವ ಊರಿನದು ಸರ್?

———

ಬಳಕೆಯಲ್ಲಿ ಬೆರೆತದ್ದು ಬೇರೆ, ಹೊಸದಾಗಿ ಹೇರುವುದು ಬೇರೆ. ಇದನ್ನು ಇಲ್ಲಿ ಹತ್ತು ಸಲ ಹೇಳಿದ್ದೇನೆ.

———

ಎಲ್ಲರಿಗೂ ಥ್ಯಾಂಕ್ಸ್. ‘ಕ್ರಿಯಾಶೀಲ’ ತೆಗೆದೆ. ಪೋಸ್ಟರಿನಲ್ಲಿ ಪತ್ತೆ ಮಾಡುವುದು ಪೆರಾಕ್ಸೈಡ್ ಒಂದನ್ನೇ, ಅದರ ಹೆಸರನ್ನೇ ಹೇಳಿದರಾಯಿತು. ತಲೆಬರಹ: ‘ಪೆರಾಕ್ಸೈಡ್ ಸಿಕ್ಕರೆ ಹೊಳೆಯುವ ಅಣು’. ‘ಪ್ರತಿದೀಪ್ತಿ’ ಒಳಗೆ ಒಂದು ಕಡೆ, ನೋಟಿನ ಚಿತ್ರದ ಪಕ್ಕ. ‘ಸಿಕ್ಕರೆ’ ಸರಿಯೋ, ‘ತಾಗಿದರೆ’ ಸರಿಯೋ?

———

ತಾಗಿದರೆ.