ಮಾಳಿಗೆ ಮೇಲೆ ಸೋಲಾರ್ ಕೂಡಿಸಲು ಪಾಲಿಕೆ ಪರವಾನಗಿ ಬೇಕಾ?

ತೊಗರಿಹೊಲ:
ಎಲ್ಲರಿಗೂ ನಮಸ್ಕಾರ. ಮನೆ ಕಲಬುರಗಿ ಬ್ರಹ್ಮಪುರದಲ್ಲಿ, ಅಪ್ಪ ಕಟ್ಟಿಸಿದ್ದು. ಮುಂದಿನ ಅರ್ಧ ಆರ್‌ಸಿಸಿ, ಹಿಂದಿನ ಅರ್ಧ ಇನ್ನೂ ಶಹಾಬಾದ್ ಫರಸಿ ಹಾಸಿದ ಹಳೇ ಮಾಳಿಗೆ. 3 ಕಿಲೋವ್ಯಾಟ್ ಸೋಲಾರ್ ಹಾಕಿಸಬೇಕು ಅಂತಿದ್ದೇನೆ, ಯಾಕಂದ್ರೆ ಏಪ್ರಿಲ್-ಮೇನಲ್ಲಿ ಎಸಿ, ಕೂಲರ್ ಎರಡೂ ಓಡಿ ಬಿಲ್ ನೋಡಿದ ಮೇಲೆ ಇನ್ನೊಂದು ಸಲ ಬೆವರು ಬರುತ್ತದೆ.

ಫಿಟಿಂಗ್ ಮಾಡುವವನೊಬ್ಬ ಬಂದು ಅಳತೆ ತಗೊಂಡ. "ಪಾಲಿಕೆ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬೇಕು, ನಾನೇ ಮಾಡಿಸುತ್ತೇನೆ, 12 ಸಾವಿರ ಬೇರೆ" ಅಂದ. ರಸೀದಿ ಕೊಡ್ತೀಯಾ ಅಂದ್ರೆ ನಕ್ಕ. ಮೇಲಾಗಿ ಪ್ಯಾನೆಲ್‌ಗಳನ್ನು 9 ಅಡಿ ಎತ್ತರಕ್ಕೆ ಕೂಡಿಸಿ, ಸುತ್ತ ತಗಡು ಹೊಡೆದು ಒಂದು ರೂಮ್ ಥರ ಮಾಡಿಕೊಡುತ್ತಾನಂತೆ. ಅಮ್ಮನಿಗೆ ಅದೇ ಹಿಡಿಸಿಬಿಟ್ಟಿದೆ, ಬೇಳೆ ಚೀಲ ಇಡಲು ಜಾಗ ಆಯಿತಲ್ಲ ಅಂತ. ಎನ್‌ಒಸಿ ನಿಜವಾಗಲೂ ಬೇಕಾ? ಮೀಟರ್ ಇನ್ನೂ ಅಪ್ಪನ ಹೆಸರಲ್ಲಿದೆ, ಅವರು ತೀರಿ 6 ವರ್ಷ ಆಯಿತು.

ಲೈನ್‌ಮನ್‌ಮಗ:
12 ಸಾವಿರ ಕೊಡಬೇಡಿ ಸರ್. ಮನೆ ಸೋಲಾರ್‌ಗೆ ಸಬ್ಸಿಡಿ ಕೊಡುವ ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯ ಅರ್ಜಿ ಪೋರ್ಟಲ್‌ನಲ್ಲಿ ಹಾಕುತ್ತೀರಿ, ಅದು ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂಗೆ ಹೋಗುತ್ತದೆ, ಒಪ್ಪಿಗೆ ಬಂದ ಮೇಲೆ ಫಿಟಿಂಗ್, ಆಮೇಲೆ ನೆಟ್ ಮೀಟರ್ (ತಗೊಂಡ ಕರೆಂಟ್, ವಾಪಸ್ ಕೊಟ್ಟ ಕರೆಂಟ್ ಎರಡನ್ನೂ ಎಣಿಸುವ ಮೀಟರ್), ಕೊನೆಗೆ ಸಬ್ಸಿಡಿ. ಈ ಸಾಲಿನಲ್ಲಿ ಪಾಲಿಕೆ ಎನ್‌ಒಸಿ ಅನ್ನುವ ಹಂತವೇ ಇಲ್ಲ. 2024ರಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ತಿದ್ದಿದಾಗ 10 ಕಿಲೋವ್ಯಾಟ್‌ವರೆಗೆ ತಾಂತ್ರಿಕ ಪರಿಶೀಲನೆಯನ್ನೇ ತೆಗೆದರು. ಅರ್ಜಿ ಸರಿ ಇದ್ದರೆ ಒಪ್ಪಿದ ಹಾಗೆಯೇ ಲೆಕ್ಕ.

3 ಕಿಲೋವ್ಯಾಟ್‌ಗೆ ಸಬ್ಸಿಡಿ 78 ಸಾವಿರ. 5 ಹಾಕಿದರೂ ಅಷ್ಟೇ. ಪ್ಯಾನೆಲ್ ಇಲ್ಲೇ ದೇಶದಲ್ಲಿ ತಯಾರಾದದ್ದಿರಬೇಕು, ಸೆಲ್ ಕೂಡ. ಅಗ್ಗಕ್ಕೆ ಸಿಕ್ಕಿತು ಅಂತ ಹೊರಗಿನದು ಹಾಕಿಸಿದರೆ ಸಬ್ಸಿಡಿ ಹೋಯಿತು.

ನಿಮ್ಮ ನಿಜವಾದ ತೊಡಕು ಮೀಟರ್ ಹೆಸರು. ತೀರಿಕೊಂಡವರ ಹೆಸರಲ್ಲಿ ಅರ್ಜಿ ಹಾಕಿ ಸಬ್ಸಿಡಿ ಯಾರ ಬ್ಯಾಂಕ್ ಖಾತೆಗೆ ತಗೊಳ್ತೀರಿ? ಮೊದಲು ಮನೆ ಖಾತಾ ಬದಲಿಸಿ, ಅದನ್ನು ಕೊಟ್ಟು ಮೀಟರ್ ಹೆಸರು ಬದಲಿಸಿ. ಖಾತಾ ಮಾತ್ರ ಪಾಲಿಕೆಯ ಕೆಲಸ, ಹಾಗಾಗಿ ಪಾಲಿಕೆ ಮೆಟ್ಟಿಲು ಹತ್ತುವುದು ಹೇಗೂ ತಪ್ಪಲ್ಲ ನೋಡ್ರಿ.

ಗವಾನ್‌ಗಲ್ಲಿ:
ಬೀದರ್‌ನಿಂದ ಒಂದು ಮಾತು. ಎನ್‌ಒಸಿ ಬೇಡವೇ ಬೇಡ ಅಂತ ಎಲ್ಲರಿಗೂ ಹೇಳಬೇಡಿ ಅಣ್ಣಾ. ನಮ್ಮ ಮನೆ ಮಹಮೂದ್ ಗವಾನ್ ಮದರಸಾದಿಂದ ಕೂಗಳತೆ ದೂರ. ರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ, ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ಬಂದ 2010ರ ತಿದ್ದುಪಡಿಯಿಂದ ಇದು ಭಾರಿ ಬಿಗಿಯಾಗಿದೆ. ಇದ್ದ ಮನೆಯ ರಿಪೇರಿಗೂ ಅನುಮತಿ ಕೇಳಬೇಕು. ಆ ಕಾಯ್ದೆಯಲ್ಲಿ ನಿರ್ಮಾಣ ಅಂದರೆ ಮೇಲಕ್ಕೆ ಏರಿಸುವುದು, ಪಕ್ಕಕ್ಕೆ ಬೆಳೆಸುವುದು ಎಲ್ಲಾ ಸೇರುತ್ತದೆ. ನಿಮ್ಮ 9 ಅಡಿ ತಗಡಿನ ರೂಮ್ ಅದರೊಳಗೇ ಬರುತ್ತದೆ ಅಲ್ವಾ? ಕಲಬುರಗಿಯಲ್ಲೂ ಕೋಟೆ ಇದೆ, ಹಫ್ತ್ ಗುಂಬಜ್ ಇದೆ. ಮನೆಯಿಂದ ಎಷ್ಟು ಮೀಟರ್ ಅಂತ ಮೊದಲು ಅಳೆಯಿರಿ. ನಾನು ಅಳೆಯದೆ ಕಬ್ಬಿಣ ತಂದು ಇಳಿಸಿದ್ದೆ, ಈಗ ಅದರ ಮೇಲೆ ಬಟ್ಟೆ ಒಣಹಾಕುತ್ತೇವೆ.

ಕಬ್ಬಿಣದಂಗಡಿ:
ಸ್ಮಾರಕ ದೂರ ಇದ್ದರೂ ಆ ರೂಮ್ ಬೇಡ. ತಗ್ಗಾದ ಸ್ಟ್ಯಾಂಡ್ ಮೇಲೆ ಪ್ಯಾನೆಲ್ ಇಟ್ಟರೆ ಅದು ಉಪಕರಣ. ಸುತ್ತ ತಗಡು, ಬಾಗಿಲು ಬಂತೋ, ಅದು ಇನ್ನೊಂದು ಮಹಡಿ. ಅದಕ್ಕೆ ಪಾಲಿಕೆಯಿಂದ ಕಟ್ಟಡ ಪರವಾನಗಿ ಬೇಕು, ನಾಳೆ ಪಕ್ಕದ ಮನೆಯವರು ಒಂದು ಅರ್ಜಿ ಬರೆದರೆ ನೋಟಿಸ್ ಬರುವುದು ನಿಮಗೆ, ಫಿಟಿಂಗ್‌ನವನಿಗಲ್ಲ.

ಫರಸಿ ಮಾಳಿಗೆಗೆ ಡ್ರಿಲ್ ಹಚ್ಚಲು ಬಿಡಲೇಬೇಡಿ. ಶಹಾಬಾದ್ ಕಲ್ಲು ಪದರ ಪದರ ಇರುತ್ತದೆ, ತೂತು ಹೊಡೆದ ಕಡೆ ಸೀಳುತ್ತದೆ, ಮೊದಲ ಮಳೆಗೇ ಸೋರುತ್ತದೆ. ಡ್ರಿಲ್ ಬೇಡ ಅಂತ ಸಿಮೆಂಟ್ ಬ್ಲಾಕ್ ಇಟ್ಟರೆ ಆ ಭಾರವನ್ನು ಹಳೇ ತೊಲೆಗಳು ಹೊರಬೇಕು. 3 ಕಿಲೋವ್ಯಾಟ್‌ಗೆ ಸುಮಾರು 300 ಚದರಡಿ ಸಾಕು, ಆರ್‌ಸಿಸಿ ಮೇಲೆ ಅಷ್ಟು ಜಾಗ ಸಿಕ್ಕರೆ ಹಿಂದಕ್ಕೆ ಹೋಗಲೇಬೇಡಿ. ಮೇ ತಿಂಗಳ ಬಿರುಗಾಳಿ ಗೊತ್ತಲ್ಲ, 9 ಅಡಿ ಮೇಲಿನ ಪ್ಯಾನೆಲ್ ಹಾಯಿ ಇದ್ದ ಹಾಗೆ. ತಗ್ಗಿದ್ದರೆ ಧೂಳು ಒರೆಸಲೂ ಸುಲಭ, ಆದರೆ ಕೆಳಗೆ ಗಾಳಿ ಆಡಲು ಒಂದಿಷ್ಟು ಸಂದು ಬಿಡಿಸಿ, ಕಾದಷ್ಟೂ ಕರೆಂಟ್ ಕಡಿಮೆ ಬರುತ್ತದೆ.

ತೊಗರಿಹೊಲ:
ಎಲ್ಲರಿಗೂ ಧನ್ಯವಾದ. ಫೋನ್ ಮ್ಯಾಪ್‌ನಲ್ಲಿ ಅಳೆದೆ, ಕೋಟೆ ಗೋಡೆಯಿಂದ 300 ಮೀಟರ್ ದಾಟಿದ್ದೇವೆ, ಬಚಾವ್. ಆರ್‌ಸಿಸಿ ಭಾಗ ಅಳೆದರೆ 340 ಚದರಡಿ, ನೀರಿನ ಟ್ಯಾಂಕ್ ಒಂದನ್ನು ಸರಿಸಬೇಕು. ಫಿಟಿಂಗ್‌ನವನಿಗೆ "ಯಾವ ಎನ್‌ಒಸಿ ಅಂತ ಬರೆದು ಕೊಡು" ಅಂದೆ, ಆಮೇಲೆ ಅವನ ಫೋನ್ ಬರಲೇ ಇಲ್ಲ. ಸೋಮವಾರ ಖಾತಾ ಕೆಲಸಕ್ಕೆ ಹೋಗುತ್ತೇನೆ, ಅಪ್ಪನ ಮರಣ ಪತ್ರ, ವಂಶವೃಕ್ಷ ಎರಡೂ ತೆಗೆದಿಟ್ಟಿದ್ದೇನೆ. ಅಮ್ಮ ಮಾತ್ರ ಇನ್ನೂ ಬೇಳೆ ಚೀಲ ಎಲ್ಲಿಡಲಿ ಅಂತ ಕೇಳುತ್ತಿದ್ದಾರೆ.