ರೈಟರಣ್ಣನ ಬಾಯಿ ತಿದ್ದುವುದು ಹೇಗೆ? (38 ಎಕರೆ ರೊಬಸ್ಟಾ ಕಾಫಿ, ಕೊಡಗಿನ ಸಿದ್ದಾಪುರ ಕಡೆ)

ತೋಟದ ಮಗಳು:

ಅಪ್ಪನಿಗೆ ಮಂಡಿ ಆಪರೇಷನ್ ಆದ ಮೇಲೆ ಎರಡು ವರ್ಷದಿಂದ ತೋಟ ನಾನೇ ನೋಡಿಕೊಳ್ಳುತ್ತಿದ್ದೇನೆ. ಅದಕ್ಕೂ ಮೊದಲು ಬೆಂಗಳೂರಿನ ಒಂದು ಕಂಪನಿಯಲ್ಲಿ ಎಚ್‌ಆರ್. ಟೀಮ್ ಲೀಡರ್‌ಗಳಿಗೆ ಜನರ ಜೊತೆ ಹೇಗೆ ಕೆಲಸ ಮಾಡಬೇಕು ಅಂತ ಕಲಿಸುವುದೇ ನನ್ನ ಕೆಲಸ. ನಗಬೇಡಿ, ಈಗ ಒಬ್ಬ ರೈಟರನ್ನು (ಹಾಜರಿ, ತೂಕ ಬರೆದು ಆಳುಗಳಿಂದ ಕೆಲಸ ಮಾಡಿಸುವವರು) ತಿದ್ದಲು ಆಗದೆ ಇಲ್ಲಿ ಬರೆಯುತ್ತಿದ್ದೇನೆ.

ರೈಟರಣ್ಣ ನಮ್ಮಲ್ಲಿ 26 ವರ್ಷದಿಂದ ಇದ್ದಾರೆ. ಯಾವ ಮರದ ಮೆಣಸು ಬಳ್ಳಿಗೆ ಸೊರಗು ಹಿಡಿದಿದೆ ಅಂತ ಕಣ್ಣು ಮುಚ್ಚಿ ಹೇಳುತ್ತಾರೆ. ಒಂದು ಪೈಸೆ ಆಚೀಚೆ ಇಲ್ಲ. ಆದರೆ ಬಾಯಿ! ಬೆಳಿಗ್ಗೆ ಹಾಜರಿ ತೆಗೆಯುವಾಗ ಶುರುವಾದರೆ ಸಂಜೆ ಕೊಯ್ದ ಕಾಫಿಯ ತೂಕದವರೆಗೂ ಬೈಗುಳ.

ಜನವರಿಯಲ್ಲಿ ಕಣದ ತುಂಬ ಕಾಫಿ ಒಣಗಿಸಿದ್ದೆವು. ರಾತ್ರಿ ಅಕಾಲ ಮಳೆ. ಬೆಳಿಗ್ಗೆ ಟಾರ್ಪಾಲ್ ಎತ್ತಿದರೆ ಒಂದು ಕಡೆ ಅಂಗೈ ಉದ್ದ ಹರಿದಿತ್ತು. ಕೆಳಗೆ ಕಾಫಿಯೆಲ್ಲ ಒದ್ದೆ. ಆರು ಚೀಲದಷ್ಟು ಬೂಷ್ಟು ಹಿಡಿಯಿತು. ಹಿಂದಿನ ಸಂಜೆ ಹೊದಿಸಿದ ಹುಡುಗಿ ಹರಿದದ್ದನ್ನು ನೋಡಿದ್ದಳು. "ಯಾಕೆ ಹೇಳಲಿಲ್ಲ?" ಅಂದೆ. "ಹೇಳಿದ್ರೆ ನೀನೇ ಹರಿದಿದ್ದು ಅಂತಾರೆ ಅಕ್ಕ" ಅಂದಳು.

ಈ ಸಲ ಆಳುಗಳ ಲೈನ್ ಮನೆಯಿಂದ ನಾಲ್ಕು ಕುಟುಂಬ ಪಕ್ಕದ ತೋಟಕ್ಕೆ ಹೋದವು. ಅಲ್ಲೂ ಇದೇ ಸಂಬಳ.

ನಾನು ಮಾಡಿದ್ದು ಇಷ್ಟು. ರೈಟರಣ್ಣನನ್ನು ಮಡಿಕೇರಿಗೆ ಒಂದು ದಿನದ ತರಬೇತಿಗೆ ಕಳಿಸಿದೆ. "ಚೆನ್ನಾಗಿತ್ತು, ಊಟಾನೂ ಚೆನ್ನಾಗಿತ್ತು" ಅಂದರು. ಮರುದಿನ ಹಾಜರಿ ಹೊತ್ತಿಗೆ ಹಳೇ ಕಥೆಯೇ. ಅಮೆರಿಕದ ಗ್ಯಾಲಪ್‌ನವರು ಕೆಲಸಗಾರರಿಗೆ ಕೇಳುವ 12 ಪ್ರಶ್ನೆಗಳಿವೆಯಲ್ಲ, ಅವನ್ನು ಕನ್ನಡ ಮಾಡಿ ಒಬ್ಬೊಬ್ಬರನ್ನೇ ಕೇಳಿದೆ. ನಿನ್ನಿಂದ ಏನು ನಿರೀಕ್ಷೆ ಅಂತ ಗೊತ್ತಾ, ಕಳೆದ ಏಳು ದಿನದಲ್ಲಿ ಯಾರಾದರೂ ಹೊಗಳಿದರಾ ಅಂತೆಲ್ಲ. ಎಲ್ಲದಕ್ಕೂ ಎಲ್ಲರೂ "ಹೂಂ ಅಕ್ಕ" ಅಂದರು. ನೂರಕ್ಕೆ ನೂರು ಅಂಕ!

ಅವರನ್ನು ಬಿಡಿಸುವ ಮಾತಿಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಣ ಸುತ್ತಿದವರು. ಏನು ಮಾಡಲಿ?

ಚೆರಿ ರೇಟ್:

ದಿನಕ್ಕೆ ಐವತ್ತು ರೂಪಾಯಿ ಜಾಸ್ತಿ ಕೊಡಿ ಮೇಡಂ. ಬೈಗುಳ ಯಾರ ಕಿವಿಗೂ ಬೀಳಲ್ಲ. ಉಳಿದದ್ದು ಎಸಿ ರೂಮಿನ ಮಾತು.

ಹಳೇ ದೊರೆ:

ನಾನು ಪಾಲಿಬೆಟ್ಟ ಕಡೆಯ ಒಂದು ದೊಡ್ಡ ತೋಟದಲ್ಲಿ ಮ್ಯಾನೇಜರ್ ಆಗಿದ್ದೆ, ಈಗ ನಿವೃತ್ತ. ಸಂಬಳದ ಮಾತು ಸುಳ್ಳಲ್ಲ. ಅದು ಸರಿ ಇಲ್ಲದಿದ್ದರೆ ಮುಂದಿನದ್ದು ಓದಬೇಡಿ. ಆದರೆ ತೋಟದ ಮಗಳೇ ಹೇಳುತ್ತಿದ್ದಾರಲ್ಲ, ಪಕ್ಕದಲ್ಲೂ ಅಷ್ಟೇ ಅಂತ.

ನನ್ನ ಕಥೆ ಕೇಳಿ. ಒಂದು ಬೆಳಿಗ್ಗೆ ಬೈಕಿನಲ್ಲಿ ಕೆರೆ ಪಕ್ಕದ ಬ್ಲಾಕಿಗೆ ಹೋದೆ. ತಿರುವಿನಲ್ಲಿ ಆನೆ. ಒಂಟಿ. ಬೈಕ್ ಅಲ್ಲೇ ಬಿಟ್ಟು ಓಡಿದೆ. ಚಪ್ಪಲಿ ಒಂದು ಇವತ್ತಿಗೂ ಸಿಕ್ಕಿಲ್ಲ. ಬೈಕಿನ ಟ್ಯಾಂಕ್ ಅಪ್ಪಚ್ಚಿ. ಆಮೇಲೆ ವಿಚಾರಿಸಿದರೆ ಇಬ್ಬರು ಹೆಂಗಸರು ಅದೇ ದಾರಿಯಲ್ಲಿ ಬಿಸಿ ಲದ್ದಿ ನೋಡಿದ್ದರು. ಹೇಳಿರಲಿಲ್ಲ. ಹಿಂದಿನ ವಾರ ಒಬ್ಬಳು ಆನೆ ಇದೆ ಅಂದಾಗ ಮೇಸ್ತ್ರಿ, "ಕೆಲಸಗಳ್ಳಿಗೆ ದಿನಾ ಆನೆ ಕಾಣುತ್ತೆ" ಅಂದಿದ್ದನಂತೆ. ಎಲ್ಲರೂ ನಕ್ಕಿದ್ದರಂತೆ.

ಮೇಸ್ತ್ರಿಗೆ ಬುದ್ಧಿ ಹೇಳಿದೆ. ತಲೆ ಆಡಿಸಿದ, ಬದಲಾಗಲಿಲ್ಲ. ಆಮೇಲೆ ಹೇಳುವುದನ್ನೇ ಬಿಟ್ಟು ಕೇಳಲು ಶುರು ಮಾಡಿದೆ. ದಿನಾ ತೂಕ ಮುಗಿದ ಮೇಲೆ ಹತ್ತು ನಿಮಿಷ, ಇಬ್ಬರೇ, ಎರಡು ಗ್ಲಾಸ್ ಚಹಾ. "ಇವತ್ತು ನಿನಗೆ ಕೆಟ್ಟ ಸುದ್ದಿ ತಂದವರು ಯಾರು? ನೀನು ಏನಂದೆ?" ಅಷ್ಟೇ. ಎರಡು ವಾರ ಒಂದೇ ಉತ್ತರ, "ಯಾರೂ ಇಲ್ಲ ದೊರೆ." ಇನ್ನೂರು ಎಕರೆಯಲ್ಲಿ ಹದಿನಾಲ್ಕು ದಿನ ಏನೂ ಕೆಡಲಿಲ್ಲವಾ ಅಂದೆ. ಸುಮ್ಮನಾದ. ಚಹಾ ಆರಿತು. ಆಮೇಲೆ ಹೇಳಿದ, "ನಿಮ್ಮ ಹತ್ರಾನೂ ನಾನು ಹೇಳಲ್ಲ ದೊರೆ. ಲೆಕ್ಕ ತಪ್ಪಿದ ದಿನ ಎಲ್ಲರ ಎದುರು ಪುಸ್ತಕ ಎಸೆದಿದ್ರಿ."

ನನಗೆ ನೆನಪೇ ಇರಲಿಲ್ಲ.

ಹಾಗಾಗಿ ನಿಮಗೊಂದು ಪ್ರಶ್ನೆ. ಟಾರ್ಪಾಲ್ ಎತ್ತಿದ ಬೆಳಿಗ್ಗೆ ನೀವು ರೈಟರಿಗೆ ಏನಂದಿರಿ? ಎಲ್ಲಿ ನಿಂತು ಅಂದಿರಿ?

ತೋಟದ ಮಗಳು:

ಕಣದಲ್ಲೇ. ಎಲ್ಲರ ಎದುರು. "ಇಷ್ಟು ವರ್ಷ ಏನು ಕಲಿತ್ರಿ" ಅಂದೆ. ಎರಡು ನಿಮಿಷ ಇರಬಹುದು. ಅವರು ನನಗಿಂತ 30 ವರ್ಷ ದೊಡ್ಡವರು.

ಬೆಂಗಳೂರಲ್ಲಿ ನಾನು ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ ಅವರ ಆಸ್ಪತ್ರೆ ಅಧ್ಯಯನದ ಸ್ಲೈಡ್ ತೋರಿಸುತ್ತಿದ್ದೆ. ಒಳ್ಳೆಯ ತಂಡ ಇದ್ದ ವಾರ್ಡುಗಳಲ್ಲೇ ಔಷಧದ ತಪ್ಪುಗಳು ಜಾಸ್ತಿ ದಾಖಲಾಗಿದ್ದವು. ಅಲ್ಲಿ ತಪ್ಪು ಜಾಸ್ತಿ ಅಂತಲ್ಲ, ಅಲ್ಲಿಯ ನರ್ಸ್‌ಗಳು ಹೆದರದೆ ಹೇಳುತ್ತಿದ್ದರು. ನೂರು ಸಲ ಹೇಳಿದ ಪಾಠ. ನನ್ನ "ಹೂಂ ಅಕ್ಕ" ಪಟ್ಟಿ ಕೈಯಲ್ಲಿದ್ದರೂ ಇದು ಹೊಳೆಯಲಿಲ್ಲ ನೋಡಿ.

ಲೈನ್ ಮನೆ ಹುಡುಗ:

ಅಮ್ಮ ಮೂವತ್ತು ವರ್ಷ ಕಾಫಿ ಕೊಯ್ದವರು. ಒಂದು ಮಾತು ಸೇರಿಸುತ್ತೇನೆ. ಬೈಗುಳಕ್ಕಿಂತ ಅಮ್ಮನಿಗೆ ಜಾಸ್ತಿ ನೋವಾಗುತ್ತಿದ್ದದ್ದು ತೂಕದ ಹೊತ್ತು. ಯಂತ್ರದ ಮುಖ ರೈಟರ ಕಡೆ. ಅವರು ಹೇಳಿದ್ದೇ ಕೆಜಿ. ಮೋಸ ಇರಲಿಲ್ಲವೇನೋ, ಆದರೆ ನೋಡಲು ಬಿಡುತ್ತಿರಲಿಲ್ಲ. ಯಂತ್ರ ತಿರುಗಿಸಿ ಇಡಿ. ಖರ್ಚಿಲ್ಲ.

ಇನ್ನೊಂದು, ಅಸ್ಸಾಂನಿಂದ ಬಂದವರನ್ನು "ಏಯ್ ಬಂಗಾಳಿ" ಅಂತ ಕರೆಯುತ್ತಾರಾ? ಹೆಸರು ಬರೆದುಕೊಂಡಿದ್ದೀರಲ್ಲ, ಅದರಲ್ಲೇ ಕರೆಯಲಿ.

ಚೆರಿ ರೇಟ್:

ಯಂತ್ರ ತಿರುಗಿಸೋದು ಒಪ್ಪಿದೆ. ನಮ್ಮಲ್ಲೂ ಅದೇ ಜಗಳ.

ತೋಟದ ಮಗಳು:

ನಾಲ್ಕು ವಾರ ಆಯಿತು, ತಿಳಿಸಬೇಕು ಅನ್ನಿಸಿತು.

ಮೊದಲು ಕಣದಲ್ಲೇ ಎಲ್ಲರ ಎದುರು ರೈಟರಣ್ಣನ ಹತ್ತಿರ ತಪ್ಪಾಯ್ತು ಅಂದೆ. ಬೈದದ್ದು ಅಲ್ಲೇ ತಾನೆ. ಅವರು ಮುಖ ಆಚೆ ತಿರುಗಿಸಿ "ಬಿಡಮ್ಮ, ಬಿಸಿಲು ಬಂತು, ಕಾಫಿ ಹರಡಬೇಕು" ಅಂದರು. ತೂಕದ ಯಂತ್ರ ತಿರುಗಿಸಿದ್ದಕ್ಕೆ ಮೂರು ದಿನ ನನ್ನ ಜೊತೆ ಮಾತು ಬಿಟ್ಟರು. 26 ವರ್ಷದ ನಂಬಿಕೆ ಪ್ರಶ್ನೆ ಮಾಡಿದಂತೆ ಅನ್ನಿಸಿರಬೇಕು. ಅದನ್ನು ಮೊದಲೇ ಅವರ ಜೊತೆ ಮಾತಾಡಬೇಕಿತ್ತು, ನನ್ನ ತಪ್ಪು. ಸಂಜೆಯ ಚಹಾ ನಡೆಯುತ್ತಿದೆ. ಹೆಚ್ಚಿನ ದಿನ ಮೆಣಸಿನ ರೇಟಿನ ಮಾತೇ ಆಗುತ್ತದೆ.

ಈಗ ಕಾಫಿ ಹೂವು ಅರಳಲು ನೀರು ಹೊಡೆಸುತ್ತಿದ್ದೇವೆ. ನಿನ್ನೆ ಟಾರ್ಪಾಲ್ ಹುಡುಗಿ ಬಂದು, ಮೇಲಿನ ಬ್ಲಾಕಿನಲ್ಲಿ ಸ್ಪ್ರಿಂಕ್ಲರ್ ಪೈಪಿನ ಜಾಯಿಂಟ್ ಬಿಟ್ಟಿದೆ ಅಂದಳು. ನನಗಲ್ಲ, ರೈಟರಣ್ಣನಿಗೆ. ಅವರು ಬೈದರು. ಹತ್ತು ಹೆಜ್ಜೆ ಹೋದವರು ನಿಂತು, ತಿರುಗಿ, "ಎಲ್ಲಿ, ತೋರಿಸು" ಅಂದರು.