ಜಿರಾದಲ್ಲಿ ಹಳೆಯ ಆರ್ಕಿಟೆಕ್ಚರ್ ನಿರ್ಧಾರ ಹುಡುಕೋದು ಹೇಗೆ? (ಪರಿಹಾರ ಸಿಕ್ಕಿದೆ)

ಹಿಂಜವಡಿ ಹುಡುಗ:
ನಮಸ್ಕಾರ. ಪುಣೆಯಲ್ಲಿ ಕೆಲಸ. ನಮ್ಮ ಟೀಮಿಗೆ ಒಂದು ಹಳೆಯ ಆರ್ಡರ್ ಸರ್ವಿಸ್ ಬಂದಿದೆ. ಸ್ಟೇಟಸ್ ಬದಲಾದಾಗೆಲ್ಲ ಅದು ಕಸ್ಸಾಂಡ್ರಾ ಡೇಟಾಬೇಸ್‌ಗೆ ಬರೆಯುತ್ತದೆ, ಉಳಿದದ್ದೆಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ. ಯಾಕೆ ಹೀಗೆ? ಬರೆದವರು ಕೆಲಸ ಬಿಟ್ಟು ಹೋಗಿದ್ದಾರೆ. ಡಿಸೈನ್ ಡಾಕ್ಯುಮೆಂಟ್ ಇಲ್ಲ. ಜಿರಾದಲ್ಲಿ (ಕೆಲಸದ ಟಿಕೆಟ್‌ಗಳನ್ನು ಇಡುವ ಸಾಫ್ಟ್‌ವೇರ್) 'ಆರ್ಕಿಟೆಕ್ಚರ್' ಅಂತ ಹುಡುಕಿದರೆ ಬರೀ ಮೀಟಿಂಗ್ ಟಿಕೆಟ್ ಬರುತ್ತವೆ. ಕಸ್ಸಾಂಡ್ರಾ ತೆಗೆದುಬಿಡಿ ಅಂತ ಮೇಲಿನಿಂದ ಒತ್ತಡ. ಕಾರಣ ತಿಳಿಯದೆ ಕೈ ಹಾಕೋಕೆ ಭಯ.

ಕೋಥ್ರೂಡ್ ಜಾವಾ:
ಸದ್ಯಕ್ಕೆ ತೆಗೆಯಬೇಡಿ. ನಿರ್ಧಾರ ಮಾಡಿದವರು 'ಇದು ಆರ್ಕಿಟೆಕ್ಚರ್' ಅಂತ ಹೆಸರಿಟ್ಟು ಬರೆಯೋದು ಕಮ್ಮಿ. ಕಾಮೆಂಟ್‌ನಲ್ಲಿ ವಾದ ಮಾಡಿರುತ್ತಾರೆ. ಜಿರಾದ ಹುಡುಕಾಟದ ಭಾಷೆ ಜೆಕ್ಯೂಎಲ್‌ನಲ್ಲಿ ಕಾಮೆಂಟ್ ಫೀಲ್ಡನ್ನೇ ಹಿಡಿದು, ಕಸ್ಸಾಂಡ್ರಾ ಜೊತೆ 'ಆಲ್ಟರ್ನೇಟಿವ್', 'ಇನ್‌ಸ್ಟೆಡ್', 'ಲೇಟೆನ್ಸಿ' ಹಾಕಿ ಹುಡುಕಿ. ಅಟ್ಯಾಚ್‌ಮೆಂಟ್ ಇರುವವನ್ನು ಮೊದಲು ನೋಡಿ. ಉದಾಹರಣೆಗೆ, ದೊಡ್ಡ ಡೇಟಾ ಸಂಸ್ಕರಿಸುವ ಹಡೂಪ್ ಸಾಫ್ಟ್‌ವೇರಿನ ಯಾರ್ನ್ ಭಾಗ ಬೆಳೆದದ್ದು ಅಪಾಚೆ ಜಿರಾದ ಮ್ಯಾಪ್‌ರೆಡ್ಯೂಸ್-279 ಟಿಕೆಟ್‌ನಲ್ಲಿ, ಡಿಸೈನ್ ಪಿಡಿಎಫ್ ಕೂಡ ಅಲ್ಲೇ ಇದೆ. 'ವೋಂಟ್ ಫಿಕ್ಸ್' ಅಂತ ಮುಚ್ಚಿದ ಟಿಕೆಟ್ ಬಿಡಬೇಡಿ. ಯಾವ ದಾರಿ ಯಾಕೆ ಬೇಡ ಅಂದರು ಅನ್ನೋದು ಅಲ್ಲಿ ಸಿಗುತ್ತದೆ.

ಹಿಂಜವಡಿ ಹುಡುಗ:
ಥ್ಯಾಂಕ್ಸ್ ಸರ್. ಆದರೂ ನೂರಾರು ಬಂದವು. ಗಿಟ್ ಬ್ಲೇಮ್ (ಕೋಡಿನ ಪ್ರತಿ ಸಾಲನ್ನು ಕೊನೆಗೆ ಬದಲಿಸಿದ ಕಮಿಟ್, ಅಂದರೆ ದಾಖಲಾದ ಬದಲಾವಣೆ, ತೋರಿಸುವ ಆಜ್ಞೆ) ನೋಡಿದರೆ ಎಲ್ಲ ಸಾಲಿಗೂ ಒಂದೇ ಫಾರ್ಮ್ಯಾಟಿಂಗ್ ಕಮಿಟ್ ತೋರಿಸುತ್ತಿದೆ.

ಔಂಧ್ ಅಕ್ಕ:
ಬ್ಲೇಮ್ ಬಿಡಿ. ಗಿಟ್ ಲಾಗ್‌ಗೆ ದೊಡ್ಡಕ್ಷರದ ಎಸ್ ಆಪ್ಷನ್ ಕೊಟ್ಟು, ಕಸ್ಸಾಂಡ್ರಾ ಕ್ಲಾಸಿನ ಹೆಸರು ಹಾಕಿ. ಆ ಹೆಸರು ಎಷ್ಟು ಸಲ ಇದೆ ಅನ್ನೋ ಲೆಕ್ಕ ಬದಲಾದ ಕಮಿಟ್‌ಗಳು ಮಾತ್ರ ಬರುತ್ತವೆ. ಸುಮ್ನೆ ಸ್ಪೇಸ್ ಸರಿಮಾಡಿದ್ದು ಬರೋದಿಲ್ಲ. 'ರಿವರ್ಸ್' ಸೇರಿಸಿದರೆ ಹಳೆಯದು ಮೇಲೆ ಬರುತ್ತದೆ. ಕಮಿಟ್ ಮೆಸೇಜಲ್ಲಿ ಟಿಕೆಟ್ ನಂಬರ್ ಹಾಕ್ತಿದ್ರು ಅಲ್ವಾ? ಅದು ಸಬ್‌ಟಾಸ್ಕ್ ಆಗಿದ್ದರೆ ಪೇರೆಂಟ್ ಟಿಕೆಟ್‌ಗೆ ಹೋಗಿ. ಲಿಂಕ್ ಆದವನ್ನೂ ತೆರೆಯಿರಿ.

ಹಿಂಜವಡಿ ಹುಡುಗ:
ಅಕ್ಕಾ, ಸಿಕ್ತು! ಸಬ್‌ಟಾಸ್ಕಲ್ಲಿ ಒಂದೇ ಸಾಲು. ಪೇರೆಂಟಲ್ಲಿ 41 ಕಾಮೆಂಟ್. ದೀಪಾವಳಿ ಸೇಲ್ ಹೊತ್ತಿಗೆ ಸ್ಟೇಟಸ್ ಬರೆಯುವ ಹೊರೆಯನ್ನು ಪೋಸ್ಟ್‌ಗ್ರೆಸ್ ತಡೆದುಕೊಂಡಿರಲಿಲ್ಲ. ರೀಡ್ ರೆಪ್ಲಿಕಾ (ಓದೋಕೆ ಮಾತ್ರ ಇರುವ ಡೇಟಾಬೇಸ್ ನಕಲು) ಹಾಕೋಣ ಅಂತ ಒಬ್ಬರು ಹೇಳಿದ್ದಾರೆ. ಓದುವ ಹೊರೆ ಇಳಿಯುತ್ತದೆ, ಬರೆಯುವ ಹೊರೆ ಇಳಿಯೋದಿಲ್ಲ ಅಂತ ಅದನ್ನು ಬಿಟ್ಟಿದ್ದಾರೆ. ನಾನು ಕೂಡ ಅದನ್ನೇ ಸೂಚಿಸುವವನಿದ್ದೆ.

ಕೋಥ್ರೂಡ್ ಜಾವಾ:
ಒಳ್ಳೆಯದಾಯ್ತು. ಆ ಹೊರೆ ಈಗಲೂ ಅಷ್ಟೇ ಇದೆಯಾ, ಅಳೆದು ನೋಡಿ. ಆಮೇಲೆ ಕೋಡ್ ರೆಪೊದಲ್ಲಿ ಒಂದು ಎಡಿಆರ್ (ಆರ್ಕಿಟೆಕ್ಚರ್ ನಿರ್ಧಾರದ ದಾಖಲೆ) ಫೈಲ್ ಇಡಿ. ಮೈಕೆಲ್ ನೈಗಾರ್ಡ್ 2011ರಲ್ಲಿ ಬರೆದ ಪದ್ಧತಿ ಅದು. ಹಿನ್ನೆಲೆ, ನಿರ್ಧಾರ, ಪರಿಣಾಮ ಬರೆದು ಈ ಟಿಕೆಟ್ ನಂಬರ್ ಹಾಕಿ. ಒಂದೆರಡು ಪುಟ ಸಾಕು.

ಹಿಂಜವಡಿ ಹುಡುಗ:
ಸೋಮವಾರ ಲೋಡ್ ಟೆಸ್ಟ್ ಇದೆ ಸರ್. ಫಲಿತಾಂಶ ಇಲ್ಲೇ ಹಾಕುತ್ತೇನೆ.